ದಿನಕ್ಕೊಂದು ಅಡಿ ನಡೆಯುವ ರಾಗಿಕಾಳು

ಅದು ಸಾರಿಗೆಂದು ತಂದ ಸಿಹಿಗುಂಬಳ. ಈಗ ಸೂಲಿಬೆಲೆಯ ನಮ್ಮ ಮನೆ ಜಗಲಿಯ ಮೇಲೆ ಸೂರ್ಯನಾಗಿ ಕೂತಿದೆ. ಬೇಸಿಗೆ ರಜೆಗೆ ಬಂದಿದ್ದ ನನ್ನ ತಂಗಿಯ ಮಕ್ಕಳಿಬ್ಬರೂ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಅಕ್ಕ ಆರನೇ ತರಗತಿ, ತಮ್ಮ ಎರಡನೇ ತರಗತಿ.

ಇದೆಲ್ಲ ಶುರುವಾದದ್ದು ಅಕ್ಕನ ಪುಸ್ತಕದಲ್ಲಿದ್ದ ಒಂದು ಚಿತ್ರದಿಂದ. ಸೂರ್ಯ, ಅವನ ಪಕ್ಕದಲ್ಲೇ ಎಂಟು ಗ್ರಹ, ಬಸ್ಸಿನ ಸೀಟಿನಲ್ಲಿ ಒತ್ತಿಕೊಂಡು ಕೂತವರ ಹಾಗೆ. ಪಾಪ, ಚಿತ್ರ ಬರೆದವರಿಗೆ ಇದ್ದದ್ದು ಒಂದೇ ಪುಟ. ನಮಗೆ ಇಡೀ ಊರೇ ಇದೆಯಲ್ಲ, ಇಲ್ಲೇ ಸೌರವ್ಯೂಹ ಮಾಡೋಣ ಅಂದೆ.

ಟೇಪು ಹಿಡಿದು ಕುಂಬಳದ ಅಡ್ಡಳತೆ ನೋಡಿದೆವು: 16 ಸೆಂಟಿಮೀಟರ್. ನಿಜವಾದ ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಭೂಮಿಯಂಥ 109 ಗೋಲಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟರೆ ಅಷ್ಟಾಗುತ್ತದೆ. ಕುಂಬಳವನ್ನೂ 109 ಪಾಲು ಮಾಡಿದರೆ ಒಂದು ಪಾಲಿಗೆ ಬರುವುದು ಒಂದೂವರೆ ಮಿಲಿಮೀಟರ್. ಅಷ್ಟು ಸಣ್ಣದು ಮನೆಯಲ್ಲಿ ಏನಿದೆ? ಅಡುಗೆಮನೆಗೆ ಓಡಿ ಡಬ್ಬಗಳನ್ನೆಲ್ಲ ತೆಗೆದು ಹುಡುಕಿದೆವು. ರಾಗಿ ಸರಿಯಾಗಿ ಕೂತಿತು. ನಮ್ಮ ಭೂಮಿ ಒಂದು ರಾಗಿಕಾಳು! ಹೊಸಕೋಟೆ ಸೀಮೆಯಲ್ಲಿ ಮುದ್ದೆ ಉಂಡು ಬೆಳೆದ ನನಗೆ ಇದಕ್ಕಿಂತ ಒಪ್ಪುವ ಭೂಮಿ ಬೇರೆ ಇಲ್ಲ.

ಉಳಿದವರೂ ಬೇಗ ಬೇಗ ಸಿಕ್ಕರು. ಶುಕ್ರನಿಗೆ ಇನ್ನೊಂದು ರಾಗಿಕಾಳು, ಒಂಚೂರು ಸಣ್ಣದು. ಮಂಗಳನಿಗೆ ಗಸಗಸೆ. ಬುಧನಿಗೆ ಚಿರೋಟಿ ರವೆಯ ಒಂದು ಹರಳು. ಗುರುವಿಗೆ ಬೇಕಾದದ್ದು 17 ಮಿಲಿಮೀಟರಿನ ಗುಂಡು. ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ತೋಟಗಳಲ್ಲಿ ಬೆಳೆಯುವ ‘ಬೆಂಗಳೂರು ಬ್ಲೂ’ ದ್ರಾಕ್ಷಿ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅದೇ ಗೊಂಚಲಿನ ಸ್ವಲ್ಪ ಸಣ್ಣ ಹಣ್ಣು ಶನಿ. ಯುರೇನಸ್‌ಗೂ ನೆಪ್ಚೂನ್‌ಗೂ ಒಂದೊಂದು ದಪ್ಪ ಮೆಣಸಿನ ಕಾಳು.

ಇವನ್ನೆಲ್ಲ ಒಂದೊಂದು ಕಾಗದದ ಮೇಲೆ ಅಂಟಿಸಿಕೊಂಡು ಜಗಲಿಯಿಂದ ಹೊರಟೆವು. ಹುಡುಗಿಯ ಒಂದು ಹೆಜ್ಜೆ ಅಂದರೆ ಅರ್ಧ ಮೀಟರ್. 14 ಹೆಜ್ಜೆಗೆ ಬುಧ, ಅಂಗಳ ದಾಟುವಷ್ಟರಲ್ಲಿ. 25ಕ್ಕೆ ಶುಕ್ರ. 35ನೇ ಹೆಜ್ಜೆಗೆ ಪಕ್ಕದ ಮನೆಯ ದನದ ಕೊಟ್ಟಿಗೆ ಬಂತು, ಅಲ್ಲೇ ಭೂಮಿಯನ್ನು ಇಟ್ಟೆವು. ಅಲ್ಲಿಂದ ಹಿಂದಿರುಗಿ ನೋಡಿದರೆ ಜಗಲಿಯ ಮೇಲಿನ ಕುಂಬಳ ಎಷ್ಟಿದೆ ಗೊತ್ತಾ? ಆಕಾಶದ ಸೂರ್ಯ ನಮ್ಮ ಕಣ್ಣಿಗೆ ಎಷ್ಟು ಅಗಲ ಕಾಣುತ್ತಾನೋ ಅಷ್ಟೇ. ಅಳತೆ ಸರಿಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. (ನಿಜವಾದ ಸೂರ್ಯನನ್ನು ಮಾತ್ರ ಯಾವತ್ತೂ ಬರಿಗಣ್ಣಿನಲ್ಲಿ ದಿಟ್ಟಿಸಬೇಡಿ. ಕಣ್ಣು ಒಮ್ಮೆ ಸುಟ್ಟರೆ ಸುಟ್ಟ ಹಾಗೇ.) ಚಂದ್ರನಿಗೆ ನಮ್ಮ ಹತ್ತಿರ ಕಾಳೇ ಇರಲಿಲ್ಲ. ರಾಗಿಕಾಳಿನಿಂದ ನಾಲ್ಕೂವರೆ ಸೆಂಟಿಮೀಟರ್ ಆಚೆಗೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕಿ ಇಟ್ಟೆವು.

54ಕ್ಕೆ ಮಂಗಳ. ಆಮೇಲೆ ನಡೆದದ್ದೇ ನಡೆದದ್ದು. ಹೊಲದ ಕಡೆ ಹೋಗುವ ಬಂಡಿದಾರಿಗೆ ಬಂದರೂ ಗುರು ಬರಲಿಲ್ಲ. “ದೊಡ್ಡಮ್ಮ, ಎಣಿಕೆ ತಪ್ಪಿದ್ದೀವಿ” ಅಂದ ತಮ್ಮ. ತಪ್ಪಿರಲಿಲ್ಲ. 183ನೇ ಹೆಜ್ಜೆಗೆ ದ್ರಾಕ್ಷಿ ಇಟ್ಟೆವು. ಶನಿ 337ಕ್ಕೆ. ಯುರೇನಸ್ 676ಕ್ಕೆ. ನೆಪ್ಚೂನಿನ ಮೆಣಸಿನ ಕಾಳಿಗೆ ಜಾಗ ಸಿಕ್ಕಿದ್ದು 1058ನೇ ಹೆಜ್ಜೆಗೆ, ಹೊಲಗಳ ನಡುವೆ ಒಂದು ಹೊಂಗೆ ಮರದ ಬುಡದಲ್ಲಿ. ಕುಂಬಳ ಎಂದೋ ಕಣ್ಮರೆಯಾಗಿತ್ತು. ಅರ್ಧ ಕಿಲೋಮೀಟರಿನ ದಾರಿಯಲ್ಲಿ ಒಂದು ಹಣ್ಣು, ಎಂಟು ಕಾಳುಗೀಳು. ಉಳಿದದ್ದೆಲ್ಲ ಬಯಲು. ಇನ್ನೂ ಮುಂದಕ್ಕೆ ಹೋದರೆ? ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ನಮ್ಮ ಅಳತೆಯಲ್ಲಿ ಅದು ಒಂದು ನೆಲ್ಲಿಕಾಯಿ. ಆ ನೆಲ್ಲಿಕಾಯಿಯನ್ನು ಇಡಲು ಬಂಗಾಳ ಕೊಲ್ಲಿ ದಾಟಿ, ಫಿಲಿಪ್ಪೀನ್ಸ್ ದೇಶದ ಮನಿಲಾ ಊರಿಗೆ ಹೋಗಬೇಕು, 4700 ಕಿಲೋಮೀಟರ್!

ವಾಪಸು ಬರುವಾಗ ದ್ರಾಕ್ಷಿಯ ಹತ್ತಿರ ಹುಡುಗಿ ನಿಂತಳು. “ಭೂಮಿ ಸೂರ್ಯನ್ನ ಸುತ್ತೋಕೆ ಒಂದು ವರ್ಷ. ಗುರುವಿಗೆ ಹೆಚ್ಚುಕಡಿಮೆ 12 ವರ್ಷ. ಗುರು ಅಷ್ಟು ಭಾರ ಇರೋದಕ್ಕೇ ಅಲ್ವಾ ದೊಡ್ಡಮ್ಮ, ನಿಧಾನ ಹೋಗೋದು?”

ಎಂಥ ಒಳ್ಳೆಯ ಪ್ರಶ್ನೆ! ನಾನೂ ಅವಳ ವಯಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ಮೂಟೆ ಹೊತ್ತವನು ನಿಧಾನ ನಡೆಯುತ್ತಾನೆ, ಬರಿಗೈಯವನು ಬೇಗ ನಡೆಯುತ್ತಾನೆ. ದಿನಾ ಕಾಣುವುದು ಅದೇ ಅಲ್ಲವೇ? ಆದರೆ ಆಕಾಶದಲ್ಲಿ ಹಾಗಲ್ಲ. ಬಾಯಲ್ಲಿ ಹೇಳುವ ಬದಲು ಅವಳನ್ನು ಮಹಡಿ ಹತ್ತಿಸಿದೆ. ಒಂದು ಕೈಗೆ ಸಿಪ್ಪೆ ಸುಲಿಯದ ತೆಂಗಿನಕಾಯಿ, ಇನ್ನೊಂದಕ್ಕೆ ಒಂದು ಗೋಲಿ ಕೊಟ್ಟೆ. ಕೆಳಗೆ ಮರಳಿನ ಗುಡ್ಡೆ. ತಮ್ಮನನ್ನು ದೂರ ನಿಲ್ಲಿಸಿ, ಎರಡನ್ನೂ ಒಂದೇ ಸಲ ಬಿಡು ಅಂದೆ. ಬಿಟ್ಟಳು. ‘ಧೊಪ್’ ಅನ್ನುವ ಸದ್ದು ಒಂದೇ ಕೇಳಿಸಿತು. “ಎರಡೂ ಒಟ್ಟಿಗೇ!” ಅಂತ ಕೂಗಿದ ತಮ್ಮ. ನಾಲ್ಕು ಸಲ ಮಾಡಿದೆವು, ನಾಲ್ಕು ಸಲವೂ ಒಟ್ಟಿಗೇ ಬಿದ್ದವು. 1971ರಲ್ಲಿ ಅಪೊಲೊ 15ರಲ್ಲಿ ಹೋದ ಡೇವಿಡ್ ಸ್ಕಾಟ್ ಗಾಳಿಯೇ ಇಲ್ಲದ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಹೀಗೇ ಬಿಟ್ಟು ತೋರಿಸಿದ. ಅವೂ ಒಟ್ಟಿಗೇ ನೆಲ ಮುಟ್ಟಿದವು.

ಯಾಕೆ ಹೀಗೆ? ಒಂದು ಮೂಟೆ ಇರುವ ಗಾಡಿಗೆ ಒಂದು ಎತ್ತು ಕಟ್ಟಿ. ಎರಡು ಮೂಟೆಯ ಗಾಡಿಗೆ ಎರಡು ಎತ್ತು. ನೂರು ಮೂಟೆಗೆ ನೂರು ಎತ್ತು. ಯಾವ ಗಾಡಿ ಮುಂದೆ ಹೋಗುತ್ತದೆ? ಎಲ್ಲ ಒಂದೇ ವೇಗ. ಗುರುತ್ವದ ಸೆಳೆತವೂ ಹಾಗೇ. ಭಾರ ಹೆಚ್ಚಿದ್ದರೆ ಅಲುಗಿಸುವುದು ಕಷ್ಟ, ನಿಜ. ಆದರೆ ಭಾರ ಎಷ್ಟು ಪಟ್ಟು ಹೆಚ್ಚೋ ಸೆಳೆತವೂ ಅಷ್ಟೇ ಪಟ್ಟು ಹೆಚ್ಚು. ಎರಡೂ ಸರಿಗೆ ಸರಿ. ಹಾಗಾಗಿ ದ್ರಾಕ್ಷಿ ಇದ್ದ ಜಾಗದಲ್ಲಿ ಒಂದು ಗಸಗಸೆ ಕಾಳನ್ನು ಇಟ್ಟರೂ ಅದಕ್ಕೂ ಅದೇ 12 ವರ್ಷ ಬೇಕು. ಇದು ಬರೀ ಊಹೆಯಲ್ಲ. ಗುರು ಸಾಗುವ ದಾರಿಯಲ್ಲೇ ಅವನ ಹಿಂದೆ ಮುಂದೆ ಸಾವಿರಾರು ಬಂಡೆಗಳು ಸೂರ್ಯನನ್ನು ಸುತ್ತುತ್ತಿವೆ. ಟ್ರೋಜನ್ ಕ್ಷುದ್ರಗ್ರಹಗಳು ಅಂತ ಅವುಗಳ ಹೆಸರು. ಗುರುವಿನ ಮುಂದೆ ಅವು ಧೂಳಿಗೆ ಸಮ. ಆದರೂ ಅವನ ಜೊತೆಗೇ ಹೊರಟು ಅವನ ಜೊತೆಗೇ ಸುತ್ತು ಮುಗಿಸುತ್ತವೆ.

“ಬೀಳೋದಕ್ಕೂ ಸುತ್ತೋದಕ್ಕೂ ಏನು ಸಂಬಂಧ?” ಅಂದಳು ಅವಳು.

ಸಂಬಂಧ ಇದೆ. ಭೂಮಿ ಸೂರ್ಯನ ಕಡೆ ಬೀಳುತ್ತಲೇ ಇದೆ! ಈಗಲೂ, ನೀವು ಈ ಸಾಲು ಓದುವಾಗಲೂ. ಒಂದು ಸೆಕೆಂಡಿನಲ್ಲಿ ಭೂಮಿ ಸುಮಾರು 30 ಕಿಲೋಮೀಟರ್ ಮುಂದಕ್ಕೆ ಓಡುತ್ತದೆ. ಸೂಲಿಬೆಲೆಯಿಂದ ಹಕ್ಕಿ ನೇರ ಹಾರಿ ಬೆಂಗಳೂರಿನ ನಡುಮಧ್ಯಕ್ಕೆ ಹೋದರೆ ಸುಮಾರು ಅಷ್ಟು ದೂರ. ಆ ಒಂದು ಸೆಕೆಂಡಿನಲ್ಲೇ ಸೂರ್ಯನ ಕಡೆಗೆ 3 ಮಿಲಿಮೀಟರ್ ಬೀಳುತ್ತದೆ. ಒಂದರ ಮೇಲೊಂದು ಎರಡು ರಾಗಿಕಾಳು ಇಟ್ಟಷ್ಟು. ಬೀಳದೇ ಇದ್ದಿದ್ದರೆ ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ನೇರ ಹೋಗಿಬಿಡುತ್ತಿತ್ತು. ಮುಂದಕ್ಕೆ ಓಡದೇ ಇದ್ದಿದ್ದರೆ ಸೂರ್ಯನೊಳಗೆ ಬಿದ್ದುಬಿಡುತ್ತಿತ್ತು. ಓಟ ಅಷ್ಟು, ಬೀಳುವುದು ಇಷ್ಟು. ಎರಡೂ ಸೇರಿ ದಾರಿ ಬಾಗುತ್ತದೆ, ಬಾಗಿ ಬಾಗಿ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಹೊಲದಲ್ಲಿ ಗಿಳಿ ಓಡಿಸುವವರು ಕವಣೆ ತಿರುಗಿಸುವಾಗ ಕಲ್ಲನ್ನು ಹಗ್ಗ ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಭೂಮಿಗೆ ಕಟ್ಟಿದ ಹಗ್ಗ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ಗುರು ಯಾಕೆ ತಡ? ಭಾರಕ್ಕಲ್ಲ, ದೂರಕ್ಕೆ. ನಾನು ಚಿಕ್ಕವಳಿದ್ದಾಗ ರಾಗಿ ಕಣದಲ್ಲಿ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತ ತುಳಿಸುತ್ತಿದ್ದರು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ಕಾಣುತ್ತಿತ್ತು. ಕೊನೆಯ ಎತ್ತಿಗೆ ದಾಪುಗಾಲು. ಒಂದೇ ಹಗ್ಗದಲ್ಲಿ ಕಟ್ಟಿದ್ದರಿಂದ ಎಲ್ಲವೂ ಒಟ್ಟಿಗೆ ಸುತ್ತು ಮುಗಿಸಲೇಬೇಕು. ಹೊರಗಿನದು ಹೆಚ್ಚು ಓಡಬೇಕು. ಸೂರ್ಯನ ಕಣದಲ್ಲಿ ಇದು ಪೂರಾ ತಿರುವುಮುರುವು. ಅಲ್ಲಿ ಯಾರನ್ನೂ ಯಾರಿಗೂ ಕಟ್ಟಿಲ್ಲ. ದೂರ ಹೋದಷ್ಟೂ ಸೂರ್ಯನ ಸೆಳೆತ ಸಡಿಲವಾಗುತ್ತದೆ, ಎರಡರಷ್ಟು ದೂರಕ್ಕೆ ನಾಲ್ಕನೇ ಒಂದು ಪಾಲು. ಸೆಳೆತ ಸಡಿಲವಾದ ಕಡೆ ಜೋರು ಓಡಿದರೆ ತಪ್ಪಿಸಿಕೊಂಡು ಹೋಗಿಬಿಡುತ್ತಾರೆ. ಅದಕ್ಕೇ ಹೊರಗಿನವರು ನಿಧಾನ. ಬುಧ ಸೆಕೆಂಡಿಗೆ 47 ಕಿಲೋಮೀಟರ್ ಓಡಿದರೆ ಗುರು 13, ನೆಪ್ಚೂನ್ ಐದೂವರೆಗಿಂತಲೂ ಕಡಿಮೆ. ದಾರಿಯೂ ಉದ್ದ, ನಡಿಗೆಯೂ ಮೆಲ್ಲಗೆ. ಬುಧ 88 ದಿನಕ್ಕೇ ಸುತ್ತು ಮುಗಿಸುತ್ತಾನೆ. ನೆಪ್ಚೂನಿಗೆ 165 ವರ್ಷ! ಅವನನ್ನು ಕಂಡುಹಿಡಿದದ್ದು 1846ರಲ್ಲಿ. ಆಮೇಲೆ ಅವನ ಮೊದಲ ಸುತ್ತು ಮುಗಿದದ್ದು 2011ರಲ್ಲಿ.

ಈ ನಡಿಗೆಯ ಲೆಕ್ಕ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಶನಿಗೆ ‘ಶನೈಶ್ಚರ’ ಅಂತ ಹೆಸರಿಟ್ಟರು, ಮೆಲ್ಲಗೆ ನಡೆಯುವವನು ಅಂತ ಅರ್ಥ. ಅವನ ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಅದನ್ನು 12 ರಾಶಿಗೆ ಹಂಚಿದರೆ ಒಂದೊಂದಕ್ಕೆ ಎರಡೂವರೆ ವರ್ಷ. ಮನೆಯಲ್ಲಿ ದೊಡ್ಡವರು ಏಳೂವರೆ ವರ್ಷದ ಶನಿ ಅನ್ನುತ್ತಾರಲ್ಲ, ಆ ಏಳೂವರೆ ಬಂದದ್ದು ಮೂರು ರಾಶಿಯ ಲೆಕ್ಕದಿಂದ. ಪಾಪದ ಶನಿ, 337 ಹೆಜ್ಜೆ ಆಚೆ ತನ್ನ ಪಾಡಿಗೆ ತಾನು ನಡೆದುಕೊಂಡಿದ್ದಾನೆ. ಅವನ ಹೆಸರು ಕೇಳಿ ಮಕ್ಕಳು ಹೆದರುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ದೂರದರ್ಶಕದಲ್ಲಿ ಒಮ್ಮೆ ಅವನ ಬಳೆ ನೋಡಿದವರು ಆ ಚೆಲುವನ್ನು ಮರೆಯುವುದಿಲ್ಲ. ಯುಗಾದಿಯ ದಿನ ಪಂಚಾಂಗದಲ್ಲಿ ಓದುವ ಸಂವತ್ಸರಗಳು 60 ಇವೆಯಲ್ಲ, ಅದರಲ್ಲೂ ಇವರಿಬ್ಬರ ನಡಿಗೆ ಅಡಗಿದೆ. ಸುಮಾರು 60 ವರ್ಷಕ್ಕೆ ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸಿ ಹೆಚ್ಚುಕಡಿಮೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತಾರೆ.

ದೂರಕ್ಕೂ ಕಾಲಕ್ಕೂ ಇರುವ ನಂಟನ್ನು ಕರಾರುವಾಕ್ಕಾಗಿ ಹಿಡಿದವನು ಜರ್ಮನಿಯ ಯೊಹಾನೆಸ್ ಕೆಪ್ಲರ್. 1619ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಕ್ಯಾಲ್ಕುಲೇಟರ್ ಇದ್ದರೆ ನೀವೂ ಮಾಡಿ ನೋಡಬಹುದು. ಸೂರ್ಯನಿಂದ ನಮಗಿರುವ ದೂರವನ್ನು 1 ಅಂದುಕೊಂಡರೆ ಗುರುವಿನ ದೂರ 5.2. ಅದನ್ನು ಅದರಿಂದಲೇ ಮೂರು ಸಲ ಗುಣಿಸಿ: 5.2 × 5.2 × 5.2. ಬಂದದ್ದು 140.6. ಈಗ ಗುರುವಿನ ವರ್ಷ 11.86. ಅದನ್ನು ಎರಡು ಸಲ ಗುಣಿಸಿ: 11.86 × 11.86. ಬಂದದ್ದು 140.7! ಹುಡುಗಿ ಬೇರೆ ಗ್ರಹಗಳಿಗೂ ಮಾಡಿ ನೋಡಿದಳು, ಎಲ್ಲದಕ್ಕೂ ಹೊಂದಿತು. ಈ ಲೆಕ್ಕದಲ್ಲಿ ಗ್ರಹದ ಭಾರ ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ?

ಹಾಗಂತ ಭಾರದ ಮಾತೇ ಬೇಡವೇ? ಬೇಕು. ಅದಕ್ಕೆ ಇನ್ನೊಂದು ಆಟ ಆಡಿದೆವು. ಪುಸ್ತಕದಲ್ಲಿ ‘ದ್ರವ್ಯರಾಶಿ’ ಅಂತ ಒಂದು ಪದ ಇದೆ. ಒಂದು ವಸ್ತುವಿನೊಳಗೆ ಎಷ್ಟು ಸರಕು ತುಂಬಿದೆ ಅನ್ನುವುದು ಅದರ ಅರ್ಥ. ಎಷ್ಟು ಜಾಗ ಹಿಡಿದಿದೆ ಅನ್ನುವುದಲ್ಲ. ಜಾತ್ರೆಯಲ್ಲಿ ತರುವ ಒಂದು ಚೀಲ ಪುರಿಯನ್ನು ಎರಡನೇ ತರಗತಿಯ ಹುಡುಗ ಎತ್ತುತ್ತಾನೆ; ಅದೇ ಚೀಲದ ತುಂಬ ರಾಗಿ ಇದ್ದರೆ ಅವನಪ್ಪನಿಗೂ ಕಷ್ಟ. ಚೀಲ ಒಂದೇ, ಸರಕು ಬೇರೆ.

ಈ ಸಲ ಒಂದು ರಾಗಿಕಾಳು ಅಂದರೆ ಭೂಮಿಯೊಳಗಿನ ಅಷ್ಟೂ ಸರಕು ಅಂತ ಇಟ್ಟುಕೊಂಡೆವು. ಹಳೆಯ ಪೇಪರು ಹಾಸಿ ಎಣಿಸಲು ಕೂತೆವು. ಗುರುವಿಗೆ 318 ಕಾಳು. ಶನಿಗೆ 95. ನೆಪ್ಚೂನಿಗೆ 17. ಯುರೇನಸ್‌ಗೆ ಹದಿನಾಲ್ಕೂವರೆ. ಶುಕ್ರನಿಗೆ ಒಂದಕ್ಕೆ ಕೊಂಚ ಕಡಿಮೆ. ಮಂಗಳನಿಗೆ ಒಂದು ಕಾಳಿನ ಹತ್ತನೇ ಪಾಲು, ಬುಧನಿಗೆ ಹದಿನೆಂಟನೇ ಪಾಲು. ಇವರಿಬ್ಬರಿಗೆ ಹಿಟ್ಟಿನ ಡಬ್ಬದಿಂದ ಉಗುರಿನ ತುದಿಯಲ್ಲಿ ತೆಗೆದು ಇಟ್ಟೆವು. ನೋಡಿ, ಮೆಣಸಿನ ಕಾಳುಗಳಲ್ಲಿ ದಪ್ಪದ್ದು ಯುರೇನಸ್, ಆದರೆ ಸರಕು ಹೆಚ್ಚು ಇರುವುದು ನೆಪ್ಚೂನಿನಲ್ಲಿ. ಗುರುವಿನೊಳಗೆ ಭೂಮಿಯಂಥ 1300 ಗೋಲ ಹಿಡಿಯುವಷ್ಟು ಜಾಗ ಇದೆ, ಸರಕು ಮಾತ್ರ 318 ಭೂಮಿಯದು. ಗುರು, ಶನಿ ಇಬ್ಬರಲ್ಲೂ ತುಂಬಿರುವುದು ಹೆಚ್ಚಾಗಿ ಹೈಡ್ರೋಜನ್ ಮತ್ತು ಹೀಲಿಯಂ, ಎಲ್ಲಕ್ಕಿಂತ ಹಗುರ ಅನಿಲಗಳು. ಅವರು ಪುರಿ ಚೀಲದವರು. ನಾವು, ಶುಕ್ರ, ಬುಧ, ಮಂಗಳ ಕಲ್ಲು ಕಬ್ಬಿಣ ತುಂಬಿದವರು. ಶನಿಯಂತೂ ಅಳತೆಗೆ ನೀರಿಗಿಂತ ಹಗುರ.

ಎಲ್ಲರದೂ ಕೂಡಿಸಿದರೆ 447 ಕಾಳು. ಮೂರು ಬೆರಳಿನ ಒಂದು ಚಿಟಿಕೆ. “ಸೂರ್ಯನಿಗೆ ಎಷ್ಟು?” ಅಂದ ತಮ್ಮ, ಎಣಿಸಿ ಎಣಿಸಿ ಸುಸ್ತಾಗಿದ್ದ. 3,33,000 ಅಂದೆ. ಅವನ ಮುಖ ನೋಡಬೇಕಿತ್ತು! ಅಷ್ಟನ್ನು ಎಣಿಸುವುದು ಬೇಡ. ಸಾವಿರ ಕಾಳು ಸುಮಾರು 3 ಗ್ರಾಂ ತೂಗುತ್ತದೆ, ಹಾಗಾಗಿ ಸೂರ್ಯನಿಗೆ ಒಂದು ಕೆಜಿ ಹತ್ತಿರ ಹತ್ತಿರ ರಾಗಿ. ತೂಗಿ ಮೊರಕ್ಕೆ ಸುರಿದೆವು. ಮೊರದಲ್ಲಿ ಒಂದು ಕೆಜಿ ರಾಗಿ, ಪಕ್ಕದಲ್ಲಿ ಒಂದು ಚಿಟಿಕೆ. ಆ ಚಿಟಿಕೆಯೊಳಗಿನ ಒಂದೇ ಒಂದು ಕಾಳಿನ ಮೇಲೆ ನಂದಿಬೆಟ್ಟ, ಕಾವೇರಿ, ಹಿಮಾಲಯ, ಸಮುದ್ರ, ನಾವು, ನೀವು, ಇದುವರೆಗೆ ಹುಟ್ಟಿದ ಅಷ್ಟೂ ಜನ. ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಆಮೇಲೆ ಹುಡುಗಿ ಕೇಳಿದಳು, ನಾನು ಕಾಯುತ್ತಿದ್ದ ಪ್ರಶ್ನೆ. “ಗುರುವನ್ನ ತೂಗಿದವರು ಯಾರು? ಅವನನ್ನ ತಕ್ಕಡಿಗೆ ಹೆಂಗೆ ಹಾಕ್ತಾರೆ?”

ತಕ್ಕಡಿ ಅವನ ಹತ್ತಿರವೇ ಇದೆ. 1610ರಲ್ಲಿ ಇಟಲಿಯ ಗೆಲಿಲಿಯೊ ತನ್ನ ಪುಟ್ಟ ದೂರದರ್ಶಕದಲ್ಲಿ ಗುರುವಿನ ಅಕ್ಕಪಕ್ಕ ನಾಲ್ಕು ಚುಕ್ಕಿ ಕಂಡ. ಅವು ಗುರುವಿನ ಚಂದ್ರರು. ಅವುಗಳಲ್ಲಿ ಗುರುವಿಗೆ ಹತ್ತಿರದ್ದರ ಹೆಸರು ಅಯೋ. (ಈ ಹೆಸರು ಕೇಳಿ ತಮ್ಮ “ಅಯ್ಯೋ!” ಅಂತ ಬಿದ್ದು ಬಿದ್ದು ನಕ್ಕ. ಈಗ ಅವನು ಅದನ್ನು ಎಂದಿಗೂ ಮರೆಯುವುದಿಲ್ಲ.) ಅಯೋ ಗುರುವಿನ ನಡುವಿನಿಂದ 4,22,000 ಕಿಲೋಮೀಟರ್ ದೂರದಲ್ಲಿದೆ. ನಮ್ಮ ಚಂದ್ರ ನಮ್ಮಿಂದ 3,84,000 ಕಿಲೋಮೀಟರ್ ದೂರ. ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಚಂದ್ರನಿಗೆ ಒಂದು ಸುತ್ತಿಗೆ 27.3 ದಿನ ಬೇಕು, ಅಯೋಗೆ 1.77 ದಿನ ಸಾಕು! ಎರಡು ದಿನ ಕೂಡ ಇಲ್ಲ.

ಸುತ್ತುವವರ ಭಾರ ಲೆಕ್ಕಕ್ಕೆ ಬರುವುದಿಲ್ಲ ಅಂತ ಆಗಲೇ ನೋಡಿದೆವು. ದೂರವೂ ಒಂದೇ. ಹಾಗಾದರೆ ಅಯೋ ಇಷ್ಟು ಜೋರಾಗಿ ಯಾಕೆ ಸುತ್ತುತ್ತದೆ? ನಡುವೆ ಕೂತವನು ಭಾರಿ ಇರಬೇಕು! ಕವಣೆಯನ್ನು ಜೋರು ತಿರುಗಿಸಿದಷ್ಟೂ ಹಗ್ಗವನ್ನು ಬಿಗಿಯಾಗಿ ಹಿಡಿಯಬೇಕಲ್ಲ, ಹಾಗೆ. ಎರಡರಷ್ಟು ಬೇಗ ಸುತ್ತಿಸಬೇಕಾದರೆ ನಾಲ್ಕರಷ್ಟು ಬಿಗಿ ಬೇಕು, ಮೂರರಷ್ಟು ಬೇಗ ಆದರೆ ಒಂಬತ್ತರಷ್ಟು. ಅಯೋ ನಮ್ಮ ಚಂದ್ರನಿಗಿಂತ 15.4ರಷ್ಟು ಬೇಗ. 15.4 × 15.4 ಮಾಡಿ, 237. ಮೇಲಾಗಿ ಅಯೋ ಕೊಂಚ ಹೆಚ್ಚು ದೂರದಲ್ಲಿದೆ. ಆ ದೂರದ ಪಾಲನ್ನೂ ಸೇರಿಸಲು 4,22,000ವನ್ನು 3,84,000ದಿಂದ ಭಾಗಿಸಿ, ಬಂದದ್ದರಿಂದ ಆ 237ನ್ನು ಮೂರು ಸಲ ಗುಣಿಸಿದೆವು. ಉತ್ತರ 315ರ ಆಸುಪಾಸು. ವಿಜ್ಞಾನಿಗಳು ಹೇಳುವುದು 318. ಸೂಲಿಬೆಲೆಯ ಅಡುಗೆಮನೆಯಲ್ಲಿ ಕೂತು ಗುರುವನ್ನು ತೂಗಿಬಿಟ್ಟೆವು! ಆ ಹುಡುಗಿ ಲೆಕ್ಕದ ಹಾಳೆಯನ್ನು ಮಡಿಸಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಸೂರ್ಯನ 3,33,000 ಕೂಡ ಹೀಗೇ ಬಂದದ್ದು. ಅವನನ್ನು ಸುತ್ತುವ ನಮ್ಮ ವರ್ಷವೇ ಅವನ ತಕ್ಕಡಿ.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಸೂರ್ಯ ಗುರುವನ್ನು ಎಳೆದ ಹಾಗೆ ಗುರುವೂ ಸೂರ್ಯನನ್ನು ಎಳೆಯುತ್ತಾನೆ. ಹಾಗಾಗಿ ಸೂರ್ಯ ನಿಂತಲ್ಲಿ ನಿಲ್ಲಲಾರ. ಇಬ್ಬರೂ ನಡುವಿನ ಒಂದು ಬಿಂದುವನ್ನು ಸುತ್ತುತ್ತಾರೆ, ಇಬ್ಬರು ಮಕ್ಕಳು ಕೈ ಹಿಡಿದು ಗಿರಗಿರ ತಿರುಗಿದ ಹಾಗೆ. ನಮ್ಮ ಆಟದ ಅಳತೆಯಲ್ಲಿ ಆ ಬಿಂದು ಇರುವುದು ಕುಂಬಳದ ಸಿಪ್ಪೆಯಿಂದ ಅರ್ಧ ಸೆಂಟಿಮೀಟರ್ ಆಚೆ! 90 ಮೀಟರ್ ದೂರದ ದ್ರಾಕ್ಷಿ ಕುಂಬಳವನ್ನು ಅಷ್ಟು ಅಲುಗಿಸುತ್ತದೆ. ಇಂಥ ಸಣ್ಣ ಎಳೆತವನ್ನು ಹಿಡಿದೇ ನೆಪ್ಚೂನನ್ನು ಪತ್ತೆ ಮಾಡಿದ್ದು. ಯುರೇನಸ್ ಲೆಕ್ಕದಂತೆ ನಡೆಯದೆ ದಾರಿಯಲ್ಲಿ ಹಿಂದೆ ಮುಂದೆ ಆಗುತ್ತಿತ್ತು. ಕಾಣದ ಯಾರೋ ಎಳೆಯುತ್ತಿದ್ದಾರೆ ಅಂತ ಫ್ರಾನ್ಸಿನ ಲೆ ವೆರಿಯೆ ಕಾಗದದ ಮೇಲೆ ಲೆಕ್ಕ ಹಾಕಿ ಜಾಗ ತೋರಿಸಿದ. ಬರ್ಲಿನ್‌ನಲ್ಲಿ ಗಾಲೆ ದೂರದರ್ಶಕ ತಿರುಗಿಸಿದ ಮೊದಲ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ನೆಪ್ಚೂನ್ ಅಲ್ಲಿತ್ತು. ಒಂದು ಮೆಣಸಿನ ಕಾಳು ಇನ್ನೊಂದನ್ನು ಜಗ್ಗಿದ್ದರಿಂದ ಸಿಕ್ಕಿತು.

ಇದೆಲ್ಲ ಇಟಲಿ, ಜರ್ಮನಿ, ಫ್ರಾನ್ಸಿನವರ ಕೆಲಸ ಅಂದುಕೊಳ್ಳಬೇಡಿ. ನಮ್ಮ ತಾಲ್ಲೂಕಿಗೇ ಬನ್ನಿ. ಹೊಸಕೋಟೆಯಿಂದ ಶಿಡ್ಲಘಟ್ಟದ ರಸ್ತೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ‘ಕ್ರೆಸ್ಟ್’ ಕೇಂದ್ರ ಇದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರ ಮಟ್ಟದಿಂದ 4500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಅಗಲದ ಕನ್ನಡಿಯ ದೂರದರ್ಶಕವೊಂದಿದೆ. ಅದರ ಹೆಸರು ಹಿಮಾಲಯನ್ ಚಂದ್ರ ಟೆಲಿಸ್ಕೋಪ್. ಚಳಿಗೆ ಉಸಿರು ಹೆಪ್ಪುಗಟ್ಟುವ ಆ ಬೆಟ್ಟದ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತವರು. ಸೂರ್ಯನನ್ನು ನೋಡಲು ಹೋದ ಆದಿತ್ಯ ಎಲ್1 ನೌಕೆಯ ಮುಖ್ಯ ಕಣ್ಣು, ವೆಲ್ಕ್ ಅನ್ನುವ ಉಪಕರಣ, ಇದೇ ಕ್ರೆಸ್ಟ್‌ನಲ್ಲಿ ಜೋಡಣೆಯಾಗಿ ಪರೀಕ್ಷೆ ಮುಗಿಸಿದ್ದು. ಸೂರ್ಯನ ಬಿಂಬವನ್ನು ಮರೆಮಾಡಿ ಸುತ್ತಲಿನ ಕರೋನಾ ಅನ್ನುವ ಪ್ರಭೆಯನ್ನು ನೋಡುವ ಉಪಕರಣ ಅದು. ಗ್ರಹಣಕ್ಕೆ ಕಾಯಬೇಕಿಲ್ಲ, ತನ್ನೊಳಗೇ ಗ್ರಹಣ ಮಾಡಿಕೊಳ್ಳುತ್ತದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ 2024ರ ಜನವರಿ 6ರಂದು ತನ್ನ ಜಾಗ ಸೇರಿತು, ನಮ್ಮಿಂದ 15 ಲಕ್ಷ ಕಿಲೋಮೀಟರ್ ದೂರ.

ನಮ್ಮ ಆಟದಲ್ಲಿ ಆದಿತ್ಯನನ್ನು ಎಲ್ಲಿಡಬೇಕು ಅಂತ ಮಕ್ಕಳು ಕೇಳಿದರು. ಲೆಕ್ಕ ಹಾಕಿ ಅಳೆದೆ. ರಾಗಿಕಾಳಿನಿಂದ ಕುಂಬಳದ ಕಡೆಗೆ ಒಂದು ಗೇಣಿಗಿಂತಲೂ ಕಡಿಮೆ. ಕುಂಬಳಕ್ಕೆ ಇನ್ನೂ ಹದಿನೇಳೂ ಚಿಲ್ಲರೆ ಮೀಟರ್ ಬಾಕಿ. ಅಷ್ಟು ದುಡಿದು ಒಂದು ಗೇಣು ಹೋಗಿದ್ದೇವೆ ಅಂತ ಹುಡುಗಿಗೆ ಬೇಸರವಾಯಿತು. ನನಗೆ ಹಾಗನ್ನಿಸಲಿಲ್ಲ. ರಾಗಿಕಾಳಿನ ಮೇಲೆ ಇರುವವರು ಅದನ್ನು ಬಿಟ್ಟು ಒಂದು ಗೇಣು ದೂರಕ್ಕೆ ಕಣ್ಣು ಕಳಿಸಿದ್ದಾರೆ, ಅದೂ ಇಲ್ಲೇ ಪಕ್ಕದ ಹೊಸಕೋಟೆಯಿಂದ. ಇದನ್ನು ನೆನೆಸಿಕೊಂಡರೆ ನನಗೆ ಎದೆ ತುಂಬಿ ಬರುತ್ತದೆ.

ಸಂಜೆ ಮಳೆ ಬಂದು ನಿಂತು ಆಕಾಶ ತೊಳೆದ ಹಾಗಿತ್ತು. ಮಹಡಿಯ ಮೇಲೆ ಚಾಪೆ ಹಾಸಿ ಮಲಗಿದೆವು. ಪಡುವಣಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣ, ಇಳಿಯುವ ವಿಮಾನಗಳ ದೀಪ ನೋಡಿ ತಮ್ಮ ಪ್ರತಿ ಸಲವೂ “ಗ್ರಹ! ಗ್ರಹ!” ಅಂದ. ಸ್ವಲ್ಪ ಹೊತ್ತಿನಲ್ಲಿ ಸರಿದುಹೋದರೆ ಅದು ವಿಮಾನ ಕಣೋ, ಮಿನುಗದೆ ಒಂದೇ ಸಮ ಬೆಳಗುತ್ತಾ ಅಲ್ಲೇ ಇದ್ದರೆ ಗ್ರಹ ಅಂದೆ. ಬೆಳಕಿನ ಮಾತೂ ಬಂತು. ಜಗತ್ತಿನಲ್ಲಿ ಬೆಳಕಿಗಿಂತ ಜೋರು ಯಾವುದೂ ಇಲ್ಲ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ನಮ್ಮ ಊರಿನ ಅಳತೆಯಲ್ಲಿ ಅದು ಸೆಕೆಂಡಿಗೆ ಮೂರೂವರೆ ಸೆಂಟಿಮೀಟರ್, ಇರುವೆಯ ನಡಿಗೆ! ಕುಂಬಳದಿಂದ ಹೊರಟ ಇರುವೆ ಕೊಟ್ಟಿಗೆ ಹತ್ತಿರದ ರಾಗಿಕಾಳಿಗೆ ಬರಲು 8 ನಿಮಿಷ 19 ಸೆಕೆಂಡು. ನೆಪ್ಚೂನಿನ ಹೊಂಗೆ ಮರಕ್ಕೆ ನಾಲ್ಕು ಗಂಟೆಗೂ ಹೆಚ್ಚು.

“ರಾಗಿಕಾಳು ಎಷ್ಟು ಜೋರು ಓಡಬೇಕು ಹಂಗಾದ್ರೆ?” ಅಂದಳು ಹುಡುಗಿ ಕತ್ತಲಲ್ಲಿ. ಅದು ನನಗೂ ಹೊಳೆದಿರಲಿಲ್ಲ. ಮೊಬೈಲಿನಲ್ಲಿ ಲೆಕ್ಕ ಮಾಡಿದೆವು. ಕುಂಬಳದ ಸುತ್ತ ರಾಗಿಕಾಳಿನ ದಾರಿ ಸುಮಾರು 110 ಮೀಟರ್. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 30 ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಅಡಿ!

ಮಾರನೆಯ ಬೆಳಗ್ಗೆಯಿಂದ ಅದೇ ಅವಳ ಕೆಲಸ. ಹಲ್ಲುಜ್ಜಿ, ಹಾಲು ಕುಡಿದು, ಸ್ಕೇಲು ಹಿಡಿದು ಹೋಗಿ ಭೂಮಿಯನ್ನು ಒಂದು ಅಡಿ ಮುಂದಿಡುವುದು, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ತಾರೀಖು ಬರೆಯುವುದು. ದ್ರಾಕ್ಷಿಯನ್ನು ತಮ್ಮ ನೋಡಿಕೊಂಡ, ಅದಕ್ಕೆ ದಿನಕ್ಕೆ 13 ಸೆಂಟಿಮೀಟರ್ ಸಾಕು. ಹಣ್ಣು ಬಾಡಿದಾಗ ಹೊಸದು ಇಟ್ಟು ಹಳೆಯದನ್ನು ಹಸುವಿಗೆ ಕೊಡುತ್ತಿದ್ದ. ಒಂದು ದಿನ ಕೋಳಿಯೊಂದು ಭೂಮಿಯನ್ನು ನುಂಗಿತು. ಡಬ್ಬದಿಂದ ಇನ್ನೊಂದು ತಂದು ಅಂಟಿಸಿ, ಮೇಲೆ ಗಾಜಿನ ಲೋಟ ಬೋರಲು ಹಾಕಿದಳು. ರಜೆ ಮುಗಿದು ಅವರು ಬೆಂಗಳೂರಿಗೆ ಹೊರಡುವ ಹೊತ್ತಿಗೆ ರಾಗಿಕಾಳು 22 ಅಡಿ ನಡೆದು, ಕೊಟ್ಟಿಗೆ ದಾಟಿ ಪಕ್ಕದ ಮನೆಯ ಹಿತ್ತಲ ಬೇಲಿಗೆ ಬಂದಿತ್ತು. ಹಿತ್ತಲೊಳಗೆ ಹೋಗಲು ಆ ಮನೆಯ ಅಜ್ಜಿಯ ಒಪ್ಪಿಗೆಯನ್ನೂ ಮೊದಲೇ ಕೇಳಿಟ್ಟು ಹೋದಳು.

ಈಗ ಅವಳು ಭಾನುವಾರ ಫೋನು ಮಾಡುತ್ತಾಳೆ. “ದೊಡ್ಡಮ್ಮ, ಭೂಮಿ ಎಲ್ಲಿಗೆ ಬಂತು?” ನಾನು ಹೋಗಿ ಏಳು ಅಡಿ ಅಳೆದು ಇಟ್ಟು ಬಂದು ಹೇಳುತ್ತೇನೆ. ಹೋದ ವಾರ ಸೀಬೆ ಮರದ ಕೆಳಗಿತ್ತು, ಈ ವಾರ ನಲ್ಲಿ ಕಟ್ಟೆಯ ಹತ್ತಿರ. ಅವಳ ಹುಟ್ಟುಹಬ್ಬ ಮೇ ತಿಂಗಳಲ್ಲಿ, ಕೊಟ್ಟಿಗೆಯ ಮುಂದೆ ಭೂಮಿಯನ್ನು ಮೊದಲು ಇಟ್ಟ ದಿನದಂದೇ. ಅವತ್ತಿಗೆ ಅದು ಪೂರಾ ಸುತ್ತಿ ಅದೇ ಕೊಟ್ಟಿಗೆಗೆ ಬರಬೇಕು. ಇನ್ನೂ 241 ಅಡಿ ಬಾಕಿ ಇದೆ.